ತಾಕೆನೊಕೊಶಿಯವರಿಂದ ನಾನು ಕಲಿತ ಪಾಸ್

ಟೋಕಿಯೋದ ಅರಕಾವಾ ನದಿಯ ದಂಡೆಯಲ್ಲಿ ಭಾನುವಾರ ಬೆಳಿಗ್ಗೆ ನಾನು ಹತ್ತು ವರ್ಷದ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಮೊದಲ ವರ್ಷವಿಡೀ ಗೆರೆಯಾಚೆ ನಿಂತು ‘ಪಾಸ್, ಪಾಸ್’ ಎಂದು ಕೂಗಿದೆ. ಒಂದು ದಿನ ಹುಡುಗನೊಬ್ಬ, ‘ಏಕೆ ಕೋಚ್? ನಾನೇ ಚೆಂಡು ತೆಗೆದುಕೊಂಡು ಓಡಬಹುದಲ್ಲ?’ ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತ ಹೋದಾಗ ಸಿಕ್ಕವರು ಜಪಾನ್ ತಂಡದ ಆಟಗಾರರಾಗಿ, ಮುಂದೆ ತರಬೇತುದಾರರಾದ ತಾಕೆನೊಕೊಶಿ ಶಿಗೆಮಾರು.

1906ರಲ್ಲಿ ಹುಟ್ಟಿದ ಅವರು ಯಾಮಾಗುಚಿಯಲ್ಲಿ ಓದುತ್ತಿದ್ದಾಗ ಬರ್ಮಾದ ವಿದ್ಯಾರ್ಥಿಯೊಬ್ಬ ಅವರಿಗೆ ಆಟ ಕಲಿಸಿದ. ಅವನ ಹೆಸರು ಚೋ ದಿನ್. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಪ್ರಾಂತ್ಯವಾಗಿತ್ತು ಎಂಬುದು ನೆನಪಾದಾಗ ಅವನು ನನಗೆ ದೂರದವನಂತೆ ಕಾಣಲಿಲ್ಲ. ಟೋಕಿಯೋದ ತಾಂತ್ರಿಕ ಶಾಲೆಗೆ ಓದಲು ಬಂದಿದ್ದ ಅವನು 1923ರ ಆಗಸ್ಟ್‌ನಲ್ಲಿ ಫುಟ್‌ಬಾಲ್ ಆಡುವ ಬಗೆಯನ್ನು ವಿವರಿಸುವ ಪುಸ್ತಕ ಬರೆದು ಪ್ರಕಟಿಸಿದ. ಮರುತಿಂಗಳೇ ಟೋಕಿಯೋ ಸುತ್ತಲಿನ ಕಾಂತೋ ಪ್ರದೇಶದಲ್ಲಿ ಮಹಾಭೂಕಂಪ ಬಂದು ಅವನ ಶಾಲೆ ನಾಶವಾಯಿತು. ತರಗತಿಗಳಿಲ್ಲದ ಆ ದಿನಗಳಲ್ಲಿ ಅವನು ಊರೂರು ತಿರುಗಿ ಸಣ್ಣ ಪಾಸ್‌ಗಳ ಆಟ ಕಲಿಸಿದ. ಹೀಗೆ ಒದೆ ಎಂದು ಹೇಳಿ ಸುಮ್ಮನಾಗದೆ, ಹಾಗೇ ಏಕೆ ಒದೆಯಬೇಕು ಎಂಬುದನ್ನೂ ಬಿಡಿಸಿ ಹೇಳುತ್ತಿದ್ದ. ನನಗೆ ಬೇಕಾಗಿದ್ದದ್ದು ಅದೇ.

ಮುಂದಿನ ಭಾನುವಾರ ನಮ್ಮ ತಂಡದ ಅತಿ ವೇಗದ ಹುಡುಗಿಯನ್ನು ಚೆಂಡಿನ ಜೊತೆ ಇಪ್ಪತ್ತು ಮೀಟರ್ ಓಡಿಸಿದೆ. ಪಕ್ಕದಲ್ಲಿ ಮೂವರು ನಿಂತು ಇನ್ನೊಂದು ಚೆಂಡನ್ನು ಒಬ್ಬರಿಂದೊಬ್ಬರಿಗೆ ಸಾಗಿಸಿದರು. ಅದೇ ಮೊದಲು ಮುಟ್ಟಿತು. ಮಕ್ಕಳು ಮತ್ತೆ ಮತ್ತೆ ಆಡಿ ನೋಡಿದರು. ನಾನು ಬಾಯಿ ತೆರೆಯಬೇಕಾಗಿ ಬರಲಿಲ್ಲ. ಆಮೇಲೆ ಮೂವರನ್ನು ತ್ರಿಕೋನವಾಗಿ, ಎಂಟು ಹೆಜ್ಜೆ ಅಂತರದಲ್ಲಿ ನಿಲ್ಲಿಸಿ ನಡುವೆ ಚೆಂಡು ಕಸಿಯಲು ಒಬ್ಬನನ್ನು ಬಿಟ್ಟೆ. ಊರಿದ ಕಾಲಿನ ಬೆರಳುಗಳು ಗೆಳೆಯನ ಕಡೆಗಿರಬೇಕು, ಒದೆಯುವ ಕಾಲಿನ ಕಣಕಾಲು ಬಿಗಿಯಾಗಿರಬೇಕು, ಚೆಂಡಿಗೆ ತಾಗುವುದು ಪಾದದ ಒಳಬದಿ. ಕಣಕಾಲು ಸಡಿಲವಾಗಿದ್ದರೆ ಚೆಂಡು ಪುಟಿಯುತ್ತದೆ, ಬಿಗಿಯಾಗಿದ್ದರೆ ಹುಲ್ಲಿಗಂಟಿಕೊಂಡು ಉರುಳುತ್ತದೆ. ವ್ಯತ್ಯಾಸ ಸದ್ದಿನಲ್ಲೇ ತಿಳಿಯುತ್ತದೆ.

ತಾಕೆನೊಕೊಶಿ ಮುಂದೆ ಟೋಕಿಯೋ ಇಂಪೀರಿಯಲ್ ವಿಶ್ವವಿದ್ಯಾಲಯಕ್ಕೆ ಹೋದರು. ಆ ತಂಡ 1926ರಿಂದ ಸತತ ಆರು ವರ್ಷ ಕಾಂತೋ ಕಾಲೇಜು ಲೀಗ್ ಗೆದ್ದಿತು. 1927ರಲ್ಲಿ ಶಾಂಘಾಯ್‌ನಲ್ಲಿ ಫಿಲಿಪೀನ್ಸನ್ನು 2–1ರಿಂದ ಸೋಲಿಸಿದ್ದು ಜಪಾನಿನ ಮೊದಲ ಅಂತರರಾಷ್ಟ್ರೀಯ ಗೆಲುವು. 1930ರಲ್ಲಿ ಟೋಕಿಯೋದಲ್ಲಿ ಚೀನಾದೊಂದಿಗೆ 3–3ರ ಸಮಬಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ 1936ರ ಬರ್ಲಿನ್ ಒಲಿಂಪಿಕ್ಸ್. ತಾಕೆನೊಕೊಶಿ ಅಲ್ಲಿ ಸಹಾಯಕ ತರಬೇತುದಾರರಾಗಿದ್ದರು. ತಂಡ ಸೈಬೀರಿಯಾ ದಾಟಿ ರೈಲಿನಲ್ಲಿ ಹೋಗಿತ್ತು. 1925ರಲ್ಲಿ ಆಫ್‌ಸೈಡ್ ನಿಯಮ ಬದಲಾಗಿ, ಚೆಂಡು ಪಡೆಯುವವನಿಗೂ ಎದುರಿನ ಗೋಲಿಗೂ ನಡುವೆ ಮೂವರ ಬದಲು ಇಬ್ಬರು ಎದುರಾಳಿಗಳಿದ್ದರೆ ಸಾಕು ಎಂದಾಗಿತ್ತು. ದಾಳಿ ಸುಲಭವಾಯಿತು, ಅದಕ್ಕೇ ಯುರೋಪಿನವರು ಕಾವಲಿಗೆ ಹಿಂದೆ ಮೂವರನ್ನು ನಿಲ್ಲಿಸಿ ಆಡುತ್ತಿದ್ದರು. ಇಬ್ಬರನ್ನಷ್ಟೇ ಇಟ್ಟು ರೂಢಿಯಿದ್ದ ಜಪಾನಿಯರು ಬರ್ಲಿನ್‌ಗೆ ಬಂದ ಮೇಲೆ ಅದನ್ನು ಕಂಡು, ಕೆಲವೇ ದಿನಗಳಲ್ಲಿ ಸೆಂಟರ್ ಹಾಫ್‌ನನ್ನು, ಅಂದರೆ ಮೈದಾನದ ನಡುವೆ ಆಡುವವನನ್ನು, ಹಿಂದಕ್ಕೆ ತಂದರು. ಆಗಸ್ಟ್ 4ರಂದು ಸ್ವೀಡನ್ ಎದುರು ಮಧ್ಯಂತರಕ್ಕೆ 0–2. ಆಮೇಲೆ ಜಪಾನಿನ ಕವಾಮೊತೊ, ಉಕೋನ್ ಗೋಲು ಹೊಡೆದರು. 85ನೇ ನಿಮಿಷದಲ್ಲಿ ಮಾತ್ಸುನಾಗಾ ಹೊಡೆದ ಗೋಲಿನಿಂದ ಜಪಾನ್ 3–2ರಿಂದ ಗೆದ್ದಿತು. ಮುಂದಿನ ಪಂದ್ಯದಲ್ಲಿ ಇಟಲಿ 8–0ರಿಂದ ಸೋಲಿಸಿತು, ಅದೂ ನಿಜ.

ಈ ಬದಲಾವಣೆ ಎಷ್ಟು ಕಷ್ಟದ್ದು ಎಂದು ತಿಳಿಯಲು ದೊಡ್ಡ ಹುಡುಗರ ತಂಡದಲ್ಲಿ ಪ್ರಯತ್ನಿಸಿದೆ. ಮೂರು ವಾರ ಕಳೆದರೂ ನಮ್ಮ ಸೆಂಟರ್ ಹಾಫ್ ಚೆಂಡು ಕಂಡ ಕೂಡಲೇ ಮುಂದಕ್ಕೆ ಓಡುತ್ತಿದ್ದ. ಬೆನ್ನ ಹಿಂದೆ ಬಯಲು ಬಿದ್ದಿತ್ತು. ಎದುರಾಳಿಗಳು ಅಲ್ಲಿಂದಲೇ ನಾಲ್ಕು ಗೋಲು ಹೊಡೆದರು. ಬರ್ಲಿನ್‌ನ ಆ ಹನ್ನೊಂದು ಜನರ ಮೇಲಿನ ನನ್ನ ಗೌರವ ಅಂದು ಇಮ್ಮಡಿಯಾಯಿತು.

ಯುದ್ಧದ ನಂತರ ರಾಷ್ಟ್ರೀಯ ತಂಡಕ್ಕೆ ತಾಕೆನೊಕೊಶಿಯವರೇ ತರಬೇತುದಾರರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ಎದುರು 0–2ರ ಸೋಲು. 1960ರ ರೋಮ್‌ಗೆ ಅರ್ಹತೆಯೇ ಸಿಗಲಿಲ್ಲ. ಅದೇ ವರ್ಷ ಜರ್ಮನಿಯಿಂದ ಬಂದ ತರಬೇತುದಾರ ಡೆಟ್ಮಾರ್ ಕ್ರಾಮರ್ ದೇಶದ ಅತ್ಯುತ್ತಮ ಆಟಗಾರರಿಗೆ ಚೆಂಡು ಒದೆಯುವುದನ್ನು ಮತ್ತೆ ಮೊದಲಿನಿಂದ ಕಲಿಸಿದ. ನಮ್ಮ ಮೈದಾನದಲ್ಲಿಯೂ ಮೊದಲ ಇಪ್ಪತ್ತು ನಿಮಿಷ ಈಗ ತ್ರಿಕೋನಕ್ಕೇ ಮೀಸಲು, ದೊಡ್ಡ ಹುಡುಗರಿಗೂ.