ಪೋರ್ಚುಗೀಸ್ ಪದ: ಮೊದಲು ಒತ್ತು, ಆಮೇಲೆ ಕತ್ತರಿ

ಒತ್ತು, ಅಂದರೆ ಪದದಲ್ಲಿ ಜೋರಾಗಿ ಹೇಳುವ ಜಾಗ, ಮೊದಲು ಹುಡುಕಿ, ಪದ ಆಮೇಲೆ ಬಿಡಿಸಿ ಅಂದಾಗ ಟೀಮಿನಲ್ಲಿ ಎಲ್ಲರೂ ನಕ್ಕಿದ್ದರು. ಕಲಿಸುವವರೆಲ್ಲ ಉಲ್ಟಾ ಹೇಳುತ್ತಾರೆ, ಅಲ್ವಾ? ಬ್ರೆಜಿಲ್ ಮಕ್ಕಳ ಓದುವ ಆ್ಯಪ್‌ಗೆ ಪೋರ್ಚುಗೀಸ್ ಪದಗಳನ್ನು ಉಚ್ಚಾರದ ತುಂಡುಗಳಾಗಿ ಬಿಡಿಸಿಕೊಡಬೇಕಿತ್ತು. ಹತ್ತು ಸಾವಿರದ ಆಸುಪಾಸು ಪದ, ಪದಕ್ಕೆ ಒಂದೂವರೆ ರೂಪಾಯಿಯೋ ಏನೋ.

ದುಡ್ಡು ಕೊಟ್ಟು ತಂದ ಹೈಫನ್ ಟೂಲ್ ಕೈಕೊಟ್ಟಿತು. ಅದು ಸಾಲಿನ ಕೊನೆಯಲ್ಲಿ ಪದ ಮುರಿಯಲು ಮಾಡಿದ್ದು, ‘ಅ-ಮಿ-ಗು’ವಿನ ‘ಅ’ ಒಂಟಿಯಾಗಿ ನಿಲ್ಲಲು ಬಿಡುವುದೇ ಇಲ್ಲ. ಏಳೆಂಟು ಸಾವಿರ ನೀರಿಗೆ ಹೋಯಿತು. ಕಿವಿ ನಂಬೋಣ ಅಂದರೆ ಕೈಗೆ ಸಿಕ್ಕಿದ್ದು ಲಿಸ್ಬನ್ ರೆಕಾರ್ಡಿಂಗ್. ಅಲ್ಲಿಯವರು ‘ತೆ-ಲೆ-ಫೊ-ನೆ’ಯ ಸ್ವರಗಳನ್ನು ಅರ್ಧಕ್ಕರ್ಧ ನುಂಗುತ್ತಾರೆ, ನಾಲ್ಕು ತುಂಡು ಎಣಿಸುವುದು ಹೇಗೆ? ಪ್ರೂಫ್ ನೋಡಿದವರ ಬಿಲ್ಲು ನಮ್ಮ ಗಳಿಕೆಗಿಂತ ಜಾಸ್ತಿ ಆಯಿತು.

ನನ್ನ ದಾರಿ ಇದು. ಸ್ವರದ ಮೇಲೆ ಒತ್ತಿನ ಗುರುತಿದ್ದರೆ (á ಥರ) ಒತ್ತು ಅಲ್ಲೇ. ಇಲ್ಲದಿದ್ದರೆ ಪದದ ಬಾಲ ನೋಡಿ ತೀರ್ಮಾನ. ಎಸ್, ಎ, ಬಿ, ಐ, ಎ ಅಂತ ಬರೆಯುವ ಪದ ತೆಗೆದುಕೊಳ್ಳಿ. ಗುರುತಿಲ್ಲ, ಕೊನೆಗೆ ಎ, ಹಾಗಾಗಿ ಒತ್ತು ಅದರ ಹಿಂದಿನ ಐ ಮೇಲೆ. ಒತ್ತು ಬಿದ್ದ ಐ ಇಲ್ಲಿ ಮುಂದಿನ ಸ್ವರಕ್ಕೆ ಅಂಟುವುದಿಲ್ಲ: ಸ-ಬಿ-ಅ. ಮೊದಲ ಎ ಮೇಲೆ ಗುರುತು ಬಂದರೆ ಐ ಬಲ ಕಳೆದುಕೊಂಡು ಅಂಟುತ್ತದೆ: ಸಾ-ಬ್ಯ. ಕೊನೆಯ ಎ ಮೇಲೆ ಬಂದರೆ ಸ-ಬಿ-ಆ, ಅದು ಹಕ್ಕಿ. ಒತ್ತು ಗೊತ್ತಿಲ್ಲದೆ ಇವನ್ನು ಕತ್ತರಿಸಿ ನೋಡೋಣ!

ಹೈಸ್ಕೂಲಲ್ಲಿ ಪ್ರಸ್ತಾರ ಹಾಕಿದ್ದೂ ಉಪಯೋಗಕ್ಕೆ ಬಂತು. ಒತ್ತಕ್ಷರದ ಹಿಂದಿನದು ಗುರು ಅಂತೀವಲ್ಲ, ‘ಕಾರ್-ತ’ದಲ್ಲಿ ಕತ್ತರಿ ಬೀಳುವುದು ಅಲ್ಲೇ. ‘ಲಿ-ವ್ರು’ ಥರದಲ್ಲಿ ಮಾತ್ರ ಈ ಲೆಕ್ಕ ನಡೆಯಲ್ಲ.

ಜಾಸ್ತಿ ಕಾಡಿದ್ದು ‘ಪುಟ್ಟ’ ಅನ್ನುವ ‘ಝಿಞು’, ನಮ್ಮ ‘-ವಾಗಿ’ ಥರದ ‘ಮೆಂತೆ’ ಬಾಲಗಳು. ‘ಹೃದಯ’ ಅನ್ನುವ ಅವರ ಪದಕ್ಕೆ ‘ಝಿಞು’ ಸೇರಿದರೂ ಟಿಲ್ಡೆ (ಸ್ವರದ ಮೇಲಿನ ಅಲೆಯಂಥ ಗುರುತು) ಹಾಗೇ ಉಳಿಯುತ್ತದೆ, ಒತ್ತು ಮಾತ್ರ ‘ಝಿ’ಗೆ ಓಡುತ್ತದೆ. ಬಾಲ ಮೊದಲು ನೋಡಿ ಅಂತ ಸ್ಕ್ರಿಪ್ಟಿಗೆ ಹೇಳಿದ ಮೇಲೆ ಈ ಜಾತಿಯ ತಪ್ಪು ಹೆಚ್ಚುಕಮ್ಮಿ ನಿಂತವು. ಸುಮ್ನೆ ಹಳೇ ಬ್ರೆಜಿಲ್ ಪುಸ್ತಕಗಳನ್ನೂ ಹಾಕಿ ನೋಡಿದೆ. 1971ಕ್ಕೆ ಮುಂಚಿನವುಗಳಲ್ಲಿ ‘ಕಫೆಝಿಞು’ವಿನ ‘ಫೆ’ ಮೇಲೆ ಎಡಕ್ಕೆ ವಾಲಿದ ಗುರುತು ಇರುತ್ತದೆ, ಅದು ಮುಖ್ಯ ಒತ್ತೇ ಅಲ್ಲ. ಅದಕ್ಕೆ ಬೇರೆ ಸಾಲು ಬರೆಯಬೇಕಾಯಿತು.

ನಕ್ಕವರು ಕೊನೆಗೆ ರೋಮನ್ ಲಿಪಿಯಲ್ಲಿ 27 ಅಕ್ಷರದ ಪದವನ್ನು ಕೊಟ್ಟರು: ಇನ್-ಕೊನ್ಸ್-ತಿ-ತು-ಸಿ-ಒ-ನ-ಲಿಸ್-ಸಿ-ಮ-ಮೆನ್-ತೆ. 12 ತುಂಡು, ಒತ್ತು ‘ಮೆನ್’ ಮೇಲೆ, ಒಂದೇ ಏಟಿಗೆ. ರಾಣಿ ಅನ್ನುವ ‘ರ-ಇ-ಞ’ ಥರದ ಗುರುತಿಲ್ಲದವಕ್ಕೆ ನನ್ನ ಬಳಿ ಒಂದು ಪಟ್ಟಿ ಇದೆ. ಅದನ್ನು ಮಾತ್ರ ಕೇಳಬೇಡಿ, ಈಗ ಪದಕ್ಕೆ ಮೂರು ರೂಪಾಯಿ ಸಿಗುತ್ತಿರುವುದು ಅದರಿಂದಲೇ.