ಕೀಹೋಲ್ ಮಂಡಿ ಆಪರೇಷನ್: ಮೊದಲು ಏನು, ಆಮೇಲೆ ಏನು?

ಕಬಡ್ಡಿ ಆಡುವಾಗ ಮಂಡಿ ತಿರುಚಿಕೊಂಡವರು, ಮಳೆಯಲ್ಲಿ ಬೈಕ್ ಜಾರಿ ಬಿದ್ದವರು, ಶಟಲ್ ಹೊಡೆಯಲು ಹಾರಿ ಇಳಿಯುವಾಗ 'ಟಪ್' ಅಂತ ಸದ್ದು ಕೇಳಿದವರು. ಎಂಆರ್‌ಐ ಆದ ಮೇಲೆ ಇಂಥವರಲ್ಲಿ ಹಲವರಿಗೆ ಡಾಕ್ಟರು ಹೇಳುವ ಮಾತು, 'ಕೀಹೋಲ್‌ನಲ್ಲೇ ಮಾಡೋಣ, ಬೇಗ ಮನೆಗೆ ಹೋಗಬಹುದು.' ಮಾತು ನಿಜ. ಮಂಡಿಯ ಮುಂದೆ ಸುಮಾರು ಒಂದು ಸೆಂಟಿಮೀಟರ್‌ನ ಎರಡು-ಮೂರು ತೂತು. ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಸಲಕರಣೆ. ಒಳಗೆ ಸಲೈನ್ ಹರಿಸಿ, ಟೀವಿ ಪರದೆ ನೋಡುತ್ತ ಕೆಲಸ ಮಾಡುತ್ತಾರೆ. ಆದರೆ ತೂತು ಚಿಕ್ಕದು ಅಂತ ಒಳಗಿನ ಕೆಲಸವೂ ಚಿಕ್ಕದು ಅಂದುಕೊಂಡವರೇ ಆಮೇಲೆ ಒದ್ದಾಡುವುದು.

ಮೊದಲು ಕೇಳಿ: ಒಳಗೆ ಏನು ಮಾಡ್ತೀರಿ?

ಮಂಡಿಯೊಳಗೆ ಎರಡು ಮೂಳೆಗಳ ನಡುವೆ ಮೆನಿಸ್ಕಸ್ ಅನ್ನುವ ಮೆತ್ತನೆಯ ಗಾದಿ ಇದೆ. ಅದು ಹರಿದರೆ ಹರಿದ ಚೂರನ್ನು ಕತ್ತರಿಸಿ ತೆಗೆಯಬಹುದು, ಇಲ್ಲವೇ ಹೊಲಿಯಬಹುದು. ಅಂಚಿನಲ್ಲಿ ರಕ್ತ ಓಡಾಡುವುದರಿಂದ ಅಲ್ಲಿನ ಹೊಲಿಗೆ ಕೂಡಿಕೊಳ್ಳುತ್ತದೆ; ಒಳಭಾಗದಲ್ಲಿ ಕಷ್ಟ. ಕತ್ತರಿಸಿದರೆ ಹೆಚ್ಚಿನವರು ಅವತ್ತೋ ಮರುದಿನವೋ ಕಾಲೂರಿ ನಡೆಯುತ್ತಾರೆ. ಹೊಲಿದರೆ ಕೆಲವು ವಾರ ಬ್ರೇಸ್, ವಾಕರ್, ಭಾರ ಹಾಕುವುದಕ್ಕೂ ಮಂಡಿ ಮಡಚುವುದಕ್ಕೂ ಮಿತಿ. ಎಷ್ಟೋ ಸಲ ಕತ್ತರಿಯೋ ಹೊಲಿಗೆಯೋ ಅನ್ನುವುದು ಕ್ಯಾಮೆರಾ ಒಳಗೆ ಹೋದ ಮೇಲೇ ತೀರ್ಮಾನವಾಗುತ್ತದೆ. ಹಾಗಾಗಿ ರಜೆ ಹಾಕುವಾಗ ಎರಡಕ್ಕೂ ತಯಾರಾಗಿರಿ. ಎಸಿಎಲ್ ಅಂದರೆ ಮಂಡಿಯೊಳಗೆ ಮೇಲಿನ, ಕೆಳಗಿನ ಮೂಳೆಗಳನ್ನು ಹಿಡಿದಿಡುವ ಒಂದು ಪಟ್ಟಿ (ಲಿಗಮೆಂಟ್). ಅದನ್ನು ಹೊಸದಾಗಿ ಕಟ್ಟುವುದಂತೂ ಬೇರೆಯೇ ಲೆಕ್ಕ: ನಿಮ್ಮದೇ ತೊಡೆಯ ಹಿಂದಿನ ಅಥವಾ ಮಂಡಿ ಚಿಪ್ಪಿನ ಸುತ್ತಲಿನ ಸ್ನಾಯುರಜ್ಜು ತೆಗೆದು, ಮೂಳೆಗೆ ತೂತು ಕೊರೆದು ಕೂರಿಸುತ್ತಾರೆ.

ಇನ್ನೊಂದು ಪ್ರಶ್ನೆ ಕೇಳಲು ಸಂಕೋಚ ಬೇಡ: 'ಇದು ಬೇಕೇ ಬೇಕಾ?' ವಯಸ್ಸಾದಂತೆ ಸವೆದ ಮಂಡಿಗೆ ಕೀಹೋಲ್‌ನಲ್ಲಿ 'ಕ್ಲೀನ್' ಮಾಡುವುದರಿಂದ ಲಾಭವಿಲ್ಲ ಅಂತ 2002ರಲ್ಲೇ ಅಮೆರಿಕದ ಹ್ಯೂಸ್ಟನ್‌ನ ಅಧ್ಯಯನ ತೋರಿಸಿತು. ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿದಿದ್ದರು; ಅವರಿಗೂ ನಿಜವಾದ ಆಪರೇಷನ್ ಆದವರಷ್ಟೇ ಆರಾಮ ಸಿಕ್ಕಿತ್ತು. ಸವೆತದ ನೋವಿಗೆ ವ್ಯಾಯಾಮ, ತೂಕ ಇಳಿಸುವುದೇ ಮೊದಲ ದಾರಿ. ಎರಡನೇ ಡಾಕ್ಟರ ಅಭಿಪ್ರಾಯ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು, ಅಲ್ವಾ?

ಆಪರೇಷನ್‌ಗೆ ಮುಂಚಿನ ವಾರ

ನುಂಗುವ ಮಾತ್ರೆಗಳೆಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಡಾಕ್ಟರಿಗೆ ತೋರಿಸಿ, ಆಯುರ್ವೇದದ್ದನ್ನೂ ಬಿಡಬೇಡಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮುಂದುವರಿಸಬೇಕೋ ನಿಲ್ಲಿಸಬೇಕೋ ಅವರೇ ಹೇಳಲಿ. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಬೀಡಿ, ಸಿಗರೇಟು ಬಿಟ್ಟರೆ ಗಾಯ ಬೇಗ ಮಾಯುತ್ತದೆ.

ಮಂಡಿಯ ಕೂದಲನ್ನು ಮನೆಯಲ್ಲಿ ರೇಜರ್‌ನಿಂದ ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳಿಂದಲೇ ಸೋಂಕು ಹತ್ತುತ್ತದೆ. ಬೇಕಿದ್ದರೆ ಆಸ್ಪತ್ರೆಯವರೇ ಟ್ರಿಮ್ಮರ್‌ನಲ್ಲಿ ತೆಗೆಯುತ್ತಾರೆ.

ಈ ವಾರದ ದೊಡ್ಡ ಕೆಲಸ ಮಾತ್ರ ಮನೆಯದು. ಕುಕ್ಕರಗಾಲಿನಲ್ಲಿ ಕೂರುವ ಟಾಯ್ಲೆಟ್ ಇದ್ದರೆ ಅದರ ಮೇಲಿಡುವ ಕಮೋಡ್ ಕುರ್ಚಿ ತಂದಿಡಿ. ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಬಚ್ಚಲಿಗೊಂದು ಗಟ್ಟಿ ಸ್ಟೂಲು ಬೇಕು. ಬಾಗಿಲ ಹತ್ತಿರದ ಜಾರುವ ಮ್ಯಾಟ್ ಎತ್ತಿಬಿಡಿ. ವಾಕರ್ ಹಿಡಿದು ನಡೆಯುವುದನ್ನು ಈಗಲೇ ಕಲಿತಿಟ್ಟುಕೊಳ್ಳಿ. ನೋವು, ಮಂಪರು ಎರಡೂ ಇರುವಾಗ ಕಲಿಯುವುದು ಕಷ್ಟ. ವಿಮೆ ಇದ್ದರೆ ಕ್ಯಾಶ್‌ಲೆಸ್ ಅನುಮತಿಯನ್ನು ಮೊದಲೇ ಮಾಡಿಸಿ, ಲಿಗಮೆಂಟ್ ಕೂರಿಸುವ ಸ್ಕ್ರೂ, ಬ್ರೇಸ್ ಇವೆಲ್ಲ ಅದರಲ್ಲಿ ಸೇರುತ್ತವೆಯಾ ಅಂತ ಕೇಳಿ.

ಆ ದಿನ

ಗಟ್ಟಿ ಆಹಾರ ತಿಂದು ಕನಿಷ್ಠ 6 ಗಂಟೆ, ನೀರು ಕುಡಿದು 2 ಗಂಟೆ ಆಗಿರಬೇಕು ಅನ್ನುವುದು ಸಾಮಾನ್ಯ ನಿಯಮ. ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಆಸ್ಪತ್ರೆಯ ಸಮಯ ಬೇರೆ ಇದ್ದರೆ ಅದನ್ನೇ ಪಾಲಿಸಿ. ಸಡಿಲವಾದ ಪ್ಯಾಂಟೋ ಲುಂಗಿಯೋ ಇರಲಿ, ಜೊತೆಗೊಬ್ಬರು ಇರಲಿ. ಯಾವ ಮಂಡಿ ಅಂತ ಗುರುತು ಹಾಕುವಾಗ ನೀವೂ ಎಚ್ಚರವಾಗಿದ್ದು ನೋಡಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಕಾಲಿಗೆ ಸ್ಪರ್ಶ, ಬಲ ಬರಲು ಕೆಲವು ಗಂಟೆ ಬೇಕು. ಅಲ್ಲಿಯವರೆಗೆ ಒಬ್ಬರೇ ಏಳಬೇಡಿ. ಮನೆಗೆ ಹೊರಡುವ ಮುನ್ನ ಎರಡು ವಿಷಯ ಬರೆಸಿಕೊಳ್ಳಿ: ಒಳಗೆ ಏನು ಮಾಡಿದರು, ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು.

ಮನೆಗೆ ಬಂದ ಮೇಲೆ

ಮೊದಲ ಕೆಲವು ದಿನ ಊತ ಇಳಿಸುವುದೇ ಕೆಲಸ. ಐಸನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿ, ತೆಗೆಯಿರಿ, ಒಂದೆರಡು ಗಂಟೆ ಬಿಟ್ಟು ಮತ್ತೆ ಇಡಿ. ಬ್ಯಾಂಡೇಜ್ ಒದ್ದೆಯಾಗಬಾರದು. ಮಲಗಿದಾಗ ಕಾಲು ಎದೆಗಿಂತ ಎತ್ತರದಲ್ಲಿರಲಿ. ದಿಂಬನ್ನು ಮಂಡಿಯ ಕೆಳಗೆ ತುರುಕಿದರೆ ಹಾಯೆನಿಸುತ್ತದೆ ನಿಜ. ಆದರೆ ಮಂಡಿ ಬಾಗಿದ ಸ್ಥಿತಿಯಲ್ಲೇ ಬಿಗಿದುಕೊಂಡು, ಕಾಲು ಪೂರ್ತಿ ನೆಟ್ಟಗೆ ಚಾಚಲು ಆಗದೇ ಹೋಗಬಹುದು. ದಿಂಬು ಹಿಮ್ಮಡಿಯ ಕೆಳಗಿರಲಿ.

ವ್ಯಾಯಾಮ ಬಹುಪಾಲು ಜನರಿಗೆ ಅವತ್ತೇ ಶುರು. ಪಾದವನ್ನು ಮೇಲೆ-ಕೆಳಗೆ ಆಡಿಸುತ್ತಿರಿ, ಮೀನಖಂಡದಲ್ಲಿ ರಕ್ತ ನಿಲ್ಲುವುದಿಲ್ಲ. ಇನ್ನೊಂದು: ಟವೆಲ್ ಸುರುಳಿ ಮಾಡಿ ಹಿಮ್ಮಡಿಯ ಕೆಳಗಿಡಿ. ಮಂಡಿಯನ್ನು ಹಾಸಿಗೆಯ ಕಡೆಗೆ ಒತ್ತಿ, ತೊಡೆ ಬಿಗಿ ಹಿಡಿದು ಐದು ಎಣಿಸಿ ಬಿಡಿ. ಮೊದಲ ದಿನ ತೊಡೆ ಮಾತೇ ಕೇಳುವುದಿಲ್ಲ. ಕೈ ಇಟ್ಟು ನೋಡಿದರೆ ಮಂಡಿ ಚಿಪ್ಪಿನ ಮೇಲಿನ ಸ್ನಾಯು ಸುಮ್ನೆ ಮೆತ್ತಗೆ ಇರುತ್ತದೆ. ಅದಕ್ಕೆ ಗಾಬರಿ ಬೇಡ, ದಿನಕ್ಕೆ ಹಲವು ಸಲ ಪ್ರಯತ್ನಿಸುತ್ತಿದ್ದರೆ ನಿಧಾನವಾಗಿ ಬಿಗಿ ಬರುತ್ತದೆ. 'ಕಾಲು ಅಲ್ಲಾಡಿಸಲೇಬೇಡ' ಅನ್ನುವ ನೆಂಟರ ಮಾತಿಗಿಂತ ಫಿಸಿಯೋಥೆರಪಿಸ್ಟ್ ಮಾತು ಕೇಳಿ. ಮಂಡಿ ಎಷ್ಟು ಮಡಚಬೇಕು ಅನ್ನುವುದನ್ನೂ ಅವರೇ ಹೇಳಲಿ.

ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಚರ್ಮದ ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ. ಅಲ್ಲಿಯವರೆಗೆ ಗಾಯಕ್ಕೆ ಅರಿಶಿನ, ಎಣ್ಣೆ ಏನೂ ಹಚ್ಚಬೇಡಿ.

ಕಾಲು ಊದಿದೆ ಅಂತ ಮೀನಖಂಡವನ್ನು ಎಣ್ಣೆ ಹಾಕಿ ತಿಕ್ಕಿಸಿಕೊಳ್ಳುವುದು ಎಲ್ಲಕ್ಕಿಂತ ಅಪಾಯ. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಆ ಗಡ್ಡೆ ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಮೀನಖಂಡದಲ್ಲಿ ನೋವು, ಊತ ಜಾಸ್ತಿಯಾದರೆ, ಜ್ವರ ಬಂದರೆ, ತೂತಿನಿಂದ ಕೀವು ಒಸರಿದರೆ, ಮಂಡಿ ಕೆಂಪಾಗಿ ಬಿಸಿಯಾದರೆ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ಉಸಿರು ಕಟ್ಟಿದರೆ ಅಥವಾ ಎದೆನೋವು ಬಂದರೆ ಫೋನ್ ಮಾಡಿ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

ಎಂದಿನ ಬದುಕಿಗೆ

ಮೆನಿಸ್ಕಸ್‌ನ ಚೂರು ಕತ್ತರಿಸಿ ತೆಗೆಸಿಕೊಂಡವರು ಒಂದೆರಡು ವಾರದಲ್ಲಿ ಆಫೀಸಿಗೆ ಹೋಗಬಹುದು. ಗಾರೆ ಕೆಲಸ, ಹೊಲದ ಕೆಲಸಕ್ಕೆ ಇನ್ನೂ ಹೆಚ್ಚು ಸಮಯ ಬೇಕು. ಬೈಕ್, ಕಾರು ಓಡಿಸಬಹುದಾ ಅಂತ ತಿಳಿಯಬೇಕಿದ್ದರೆ ನಿಂತ ಗಾಡಿಯಲ್ಲಿ ಕೂತು ಜೋರಾಗಿ ಬ್ರೇಕ್ ಒತ್ತಿ ನೋಡಿ. ನೋವಾಯಿತಾ? ಇನ್ನೂ ಸಮಯ ಬಂದಿಲ್ಲ. ಬಂದರೂ ಡಾಕ್ಟರು ಹೂಂ ಅಂದ ಮೇಲೇ ಹೊರಡಿ.

ಮೆನಿಸ್ಕಸ್‌ಗೆ ಹೊಲಿಗೆ ಹಾಕಿಸಿಕೊಂಡವರಿಗೆ ಕುಕ್ಕರಗಾಲು, ಚಕ್ಕಳಮಕ್ಕಳ ಎರಡೂ ಕೆಲವು ತಿಂಗಳು ಬೇಡ. ಮದುವೆ ಮನೆಯಲ್ಲಿ ಪಂಕ್ತಿಗೆ ಕರೆದರೆ ಸಂಕೋಚವಿಲ್ಲದೆ ಟೇಬಲ್ ಕೇಳಿ. ಎಸಿಎಲ್ ಕಟ್ಟಿಸಿಕೊಂಡ ಆಟಗಾರರು ಅಂಕಣಕ್ಕಿಳಿಯಲು ಸುಮಾರು 9 ತಿಂಗಳು ಕಾಯಬೇಕು. ಮೂರ್ನಾಲ್ಕು ತಿಂಗಳಿಗೇ ಕಾಲು ಸರಿಹೋದಂತೆ ಅನಿಸುತ್ತದೆ, ಟೂರ್ನಮೆಂಟ್ ಹತ್ತಿರ ಬಂದಿರುತ್ತದೆ, ಗೆಳೆಯರು ಕರೆಯುತ್ತಿರುತ್ತಾರೆ. ಒಳಗೆ ಕೂರಿಸಿದ ಲಿಗಮೆಂಟ್ ಆಗಿನ್ನೂ ಗಟ್ಟಿಯಾಗುತ್ತಿರುತ್ತದೆ. ಆಡುವ ಮುನ್ನ ಫಿಸಿಯೋಥೆರಪಿಸ್ಟ್ ಹತ್ತಿರ ಒಂಟಿಕಾಲಿನ ಜಿಗಿತದ ಪರೀಕ್ಷೆ ಮಾಡಿಸಿ. ಆಪರೇಷನ್ ಆದ ಕಾಲು ಇನ್ನೊಂದು ಕಾಲಿನ ಶೇ 90ರಷ್ಟಾದರೂ ದೂರ ಜಿಗಿಯದಿದ್ದರೆ ಈ ಸಲದ ಟೂರ್ನಮೆಂಟ್ ಬಿಟ್ಟುಬಿಡಿ.