ದಿನಸಿ ಪೊಟ್ಟಣದಲ್ಲಿ ಕುಲಾಂತರಿ ಪದಾರ್ಥಗಳನ್ನು ಗುರುತಿಸುವುದು ಹೇಗೆ

ಬಿಸ್ಕತ್ತಿನ ಒಂದು ಪೊಟ್ಟಣವನ್ನು ಕೈಗೆತ್ತಿಕೊಂಡು ಹಿಂಬದಿಯ ಸಣ್ಣಕ್ಷರಗಳನ್ನು ಓದಿ ನೋಡಿ. ಗೋಧಿಹಿಟ್ಟು, ಸಕ್ಕರೆ, ಖಾದ್ಯ ಎಣ್ಣೆ, ಗ್ಲೂಕೋಸ್ ಸಿರಪ್, ಮಾರ್ಪಡಿಸಿದ ಪಿಷ್ಟ, ಎಮಲ್ಸಿಫೈಯರ್ 322, ಆಮ್ಲತೆ ನಿಯಂತ್ರಕ 330, ಉಪ್ಪು: ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ. ಇವುಗಳಲ್ಲಿ ಕುಲಾಂತರಿ ಬೆಳೆಯಿಂದ ಬಂದಿರಬಹುದಾದದ್ದು ಯಾವುದೆಂದು ಕೇಳಿದರೆ ಬಹಳ ಜನ ಗೋಧಿಹಿಟ್ಟನ್ನು ತೋರಿಸುತ್ತಾರೆ, ಏಕೆಂದರೆ ಬೆಳೆಯ ಹೆಸರು ನೇರವಾಗಿ ಕಾಣುವುದು ಅಲ್ಲಿ ಮಾತ್ರ. ಆದರೆ ಈ ಪಟ್ಟಿಯಲ್ಲಿ ಉಪ್ಪನ್ನು ಬಿಟ್ಟರೆ ಅನುಮಾನಕ್ಕೆ ತೀರ ಕಡಿಮೆ ಆಸ್ಪದವಿರುವುದು ಗೋಧಿಹಿಟ್ಟಿನಲ್ಲಿಯೇ. ವಿಚಾರಿಸಬೇಕಾದವು ಎಣ್ಣೆ, ಸಕ್ಕರೆ, ಸಿರಪ್, ಪಿಷ್ಟ ಮತ್ತು 322 ಎಂಬ ಆ ಸಂಖ್ಯೆ. ದಿನಸಿಯಲ್ಲಿ ಕುಲಾಂತರಿ ಪದಾರ್ಥವನ್ನು ಹುಡುಕುವುದೆಂದರೆ ಬಹುಮಟ್ಟಿಗೆ ಹೀಗೆ ತನ್ನ ಬೆಳೆಯ ಹೆಸರನ್ನು ಕಳೆದುಕೊಂಡ ಪದಾರ್ಥಗಳ ಮೂಲವನ್ನು ಹುಡುಕುವುದು. ಆ ಕೆಲಸ ಕಲಿತರೆ ಬರುವಂಥದ್ದು.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಬೀಜವಿಲ್ಲದ ಕಲ್ಲಂಗಡಿ, ಬೀಜವಿಲ್ಲದ ದ್ರಾಕ್ಷಿ, ಹೈಬ್ರಿಡ್ ತರಕಾರಿ, ಅಸಾಧಾರಣ ಗಾತ್ರದ ಹಣ್ಣು ಇವು ಕಣ್ಣಿಗೆ ವಿಚಿತ್ರವಾಗಿ ಕಂಡರೂ ಕುಲಾಂತರಿಗಳಲ್ಲ. ಅವು ತಳಿಗಳ ಸಂಕರದಿಂದ, ಆಯ್ಕೆಯಿಂದ ಅಥವಾ ವರ್ಣತಂತುಗಳ ಸಂಖ್ಯೆಯನ್ನು ಬದಲಿಸಿ ಪಡೆದ ತಳಿಗಳು. ಪ್ರಯೋಗಾಲಯದಲ್ಲಿ ಒಂದು ಜೀವಿಯ ವಂಶವಾಹಿಯನ್ನು ಬೇರ್ಪಡಿಸಿ ಇನ್ನೊಂದರ ಜೀವಕೋಶಕ್ಕೆ ಸೇರಿಸಿದಾಗ, ಇಲ್ಲವೇ ಇರುವ ವಂಶವಾಹಿಯೊಂದು ಕೆಲಸ ಮಾಡದಂತೆ ಅದೇ ತಂತ್ರದಿಂದ ತಡೆದಾಗ ಮಾತ್ರ ಅದನ್ನು ಕುಲಾಂತರಿ ಎನ್ನುತ್ತೇವೆ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಪಡೆದ ಬಿಟಿ ಹತ್ತಿಯೂ ಬಿಟಿ ಮೆಕ್ಕೆಜೋಳವೂ ಕಾಯಿಕೊರಕ, ಕಾಂಡಕೊರಕ ಹುಳುಗಳನ್ನು ತಾವೇ ತಡೆಯುತ್ತವೆ. ಸೋಯಾದಲ್ಲಿ ಹೆಚ್ಚಾಗಿ ಸೇರಿಸಿರುವುದು ಕಳೆನಾಶಕವನ್ನು ತಾಳಿಕೊಳ್ಳುವ ಗುಣ.

ಸಮಾಧಾನದ ಸಂಗತಿಯೆಂದರೆ ನೆನಪಿಡಬೇಕಾದ ಬೆಳೆಗಳ ಪಟ್ಟಿ ಚಿಕ್ಕದು. ಸೋಯಾ, ಮೆಕ್ಕೆಜೋಳ, ಹತ್ತಿ ಮತ್ತು ಸಾಸಿವೆ ಜಾತಿಯ ಎಣ್ಣೆಬೀಜವಾದ ಕನೋಲಾ ಈ ನಾಲ್ಕೇ ಪ್ರಪಂಚದ ಕುಲಾಂತರಿ ಬೇಸಾಯದ ಬಹುಪಾಲನ್ನು ಆವರಿಸಿವೆ. ಅಮೆರಿಕದಲ್ಲಿ ಬೆಳೆಯುವ ಸೋಯಾ ಮತ್ತು ಮೆಕ್ಕೆಜೋಳದಲ್ಲಿ ಶೇಕಡ 90ಕ್ಕಿಂತ ಹೆಚ್ಚು ಕುಲಾಂತರಿಯೇ. ಬ್ರೆಜಿಲ್ ಮತ್ತು ಅರ್ಜೆಂಟೀನದ ಸೋಯಾದ ಸ್ಥಿತಿಯೂ ಬೇರೆಯಲ್ಲ. ಐದನೆಯದಾಗಿ ಉತ್ತರ ಅಮೆರಿಕದ ಸಕ್ಕರೆ ಬೀಟನ್ನು ಸೇರಿಸಿಕೊಳ್ಳಿ. ಇವುಗಳಾಚೆ ಇರುವವು ಬಿಡಿಬಿಡಿ ಪ್ರಕರಣಗಳು: ಉಂಗುರ ಚುಕ್ಕೆ ವೈರಸ್ಸಿನಿಂದ ತೋಟಗಳು ನಾಶವಾದ ಮೇಲೆ 1998ರಲ್ಲಿ ಹವಾಯಿಯ ರೈತರ ಕೈಸೇರಿದ ಪಪ್ಪಾಯಿ, ಕತ್ತರಿಸಿದರೂ ಕಂದು ಬಣ್ಣಕ್ಕೆ ತಿರುಗದ ಸೇಬು, ಕೆಲವು ಆಲೂಗಡ್ಡೆ ತಳಿಗಳು, ಬಾಂಗ್ಲಾದೇಶದ ಬಿಟಿ ಬದನೆ, ಅರ್ಜೆಂಟೀನದ ಬರ ತಾಳುವ ಗೋಧಿ. ಟೊಮೆಟೊ ಮೇಲೆ ಜನರಿಗೆ ಇರುವ ಅನುಮಾನಕ್ಕೆ ಒಂದು ಇತಿಹಾಸವಿದೆ. 1994ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಮೊದಲ ಕುಲಾಂತರಿ ಆಹಾರ ಬೆಳೆ ಟೊಮೆಟೊವೇ ಆಗಿತ್ತು. ಆದರೆ ಆ ತಳಿ ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮರೆಯಾಯಿತು. ಇಂದಿನ ಸಾಮಾನ್ಯ ಕೆಂಪು ಟೊಮೆಟೊ ಕುಲಾಂತರಿಯಲ್ಲ. ಆದ್ದರಿಂದ ತಾಜಾ ಹಣ್ಣು ತರಕಾರಿಗಳ ಮುಂದೆ ನಿಂತು ಚಿಂತಿಸುವ ಸಮಯವನ್ನು ಉಳಿಸಿ, ಅದನ್ನು ಪೊಟ್ಟಣಗಳ ಹಿಂಬದಿಗೆ ಕೊಡುವುದು ಲೇಸು.

ಹೆಸರಿನ ಹಿಂದಿರುವ ಬೆಳೆ

ಈಗ ಪಟ್ಟಿಯ ಒಂದೊಂದು ಹೆಸರನ್ನೂ ಹಿಡಿದು ಬೆಳೆಯ ತನಕ ಹಿಂದಕ್ಕೆ ಹೋಗಬೇಕು. 322 ಎಂಬ ಸಂಖ್ಯೆ ಲೆಸಿಥಿನ್‌ನದು. ಸೋಯಾದಿಂದ ತೆಗೆದ ಕಚ್ಚಾ ಎಣ್ಣೆಗೆ ನೀರು ಸೇರಿಸಿ ಕಲಕಿದಾಗ ಅಂಟಿನಂಥ ಭಾಗವೊಂದು ಎಣ್ಣೆಯಿಂದ ಬೇರೆಯಾಗುತ್ತದೆ. ಅದನ್ನು ಒಣಗಿಸಿದರೆ ಸಿಗುವ ಕಂದು ಬಣ್ಣದ ದಪ್ಪ ದ್ರವವೇ ಲೆಸಿಥಿನ್. ಎಣ್ಣೆಯೂ ನೀರೂ ಬೆರೆತು ನಿಲ್ಲಲು, ಕರಗಿದ ಚಾಕೊಲೇಟು ಸಲೀಸಾಗಿ ಹರಿಯಲು ಅದು ಬೇಕು. ಚಾಕೊಲೇಟಿನಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಶೇಕಡ 1ಕ್ಕಿಂತಲೂ ಕಡಿಮೆ. ಇಷ್ಟು ಚಿಕ್ಕ ಪದಾರ್ಥವನ್ನು ಮೊದಲು ನೋಡಿರೆಂದು ಹೇಳುವುದಕ್ಕೆ ಕಾರಣವಿದೆ. ಲೆಸಿಥಿನ್ ಸೂರ್ಯಕಾಂತಿಯಿಂದಲೂ ಬರುತ್ತದೆ, ಸೂರ್ಯಕಾಂತಿ ಕುಲಾಂತರಿ ಬೆಳೆಯಲ್ಲ, ಮತ್ತು ಕುಲಾಂತರಿಯನ್ನು ಬಿಡಬೇಕೆಂದು ತೀರ್ಮಾನಿಸಿದ ತಯಾರಕರು ಸೂರ್ಯಕಾಂತಿಯ ಲೆಸಿಥಿನ್ ಬಳಸಿ ಅದನ್ನು ಹೆಸರಿಸಿಯೇ ಮುದ್ರಿಸುತ್ತಾರೆ. ಹಾಗಾಗಿ ಆ ಒಂದು ಪದ ತಯಾರಕರು ಈ ವಿಷಯಕ್ಕೆ ಗಮನ ಕೊಟ್ಟಿದ್ದಾರೋ ಇಲ್ಲವೋ ಎಂಬುದರ ಸುಳಿವನ್ನೂ ಕೊಡುತ್ತದೆ. ಸೋಯಾದ ಇತರ ರೂಪಗಳು ಸೋಯಾ ಪ್ರೋಟೀನ್, ಸೋಯಾ ಹಿಟ್ಟು, ಸೋಯಾ ಎಣ್ಣೆ ಮತ್ತು ಎಷ್ಟೋ ಸಲ ಟೋಕೋಫೆರಾಲ್ ಎಂದು ಬರೆದಿರುವ ವಿಟಮಿನ್ ಇ.

ಮೆಕ್ಕೆಜೋಳದ ಕಥೆ ಇನ್ನೂ ದೊಡ್ಡದು. ಕಾರ್ಖಾನೆಯಲ್ಲಿ ಕಾಳನ್ನು ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಅರೆದು, ಮೊಳಕೆಯ ಭಾಗವನ್ನೂ ನಾರನ್ನೂ ಪ್ರೋಟೀನನ್ನೂ ಬೇರ್ಪಡಿಸಿದ ಮೇಲೆ ಪಿಷ್ಟ ಉಳಿಯುತ್ತದೆ. ಮೊಳಕೆಯಿಂದ ಎಣ್ಣೆ ತೆಗೆಯುತ್ತಾರೆ. ಪಿಷ್ಟವನ್ನು ಕಿಣ್ವಗಳಿಂದ ಸ್ವಲ್ಪ ಒಡೆದರೆ ಮಾಲ್ಟೋಡೆಕ್ಸ್‌ಟ್ರಿನ್, ಇನ್ನಷ್ಟು ಒಡೆದರೆ ಗ್ಲೂಕೋಸ್ ಸಿರಪ್, ಪೂರ್ತಿ ಒಡೆದರೆ ಡೆಕ್ಸ್‌ಟ್ರೋಸ್. ಅದರ ಒಂದು ಭಾಗವನ್ನು ಮತ್ತೊಂದು ಕಿಣ್ವದಿಂದ ಫ್ರಕ್ಟೋಸ್ ಮಾಡಿದರೆ ತಂಪು ಪಾನೀಯಗಳ ಸಿಹಿಯಾದ ಹೈ ಫ್ರಕ್ಟೋಸ್ ಕಾರ್ನ್ ಸಿರಪ್. ಗ್ಲೂಕೋಸ್‌ಗೆ ಹೈಡ್ರೋಜನ್ ಸೇರಿಸಿದರೆ 420 ಎಂಬ ಸಂಖ್ಯೆಯ ಸಾರ್ಬಿಟಾಲ್. ಅದೇ ಸಕ್ಕರೆಯಂಶವನ್ನು ಆಸ್ಪರ್ಜಿಲಸ್ ನೈಗರ್ ಎಂಬ ಬೂಷ್ಟಿಗೆ ಉಣಿಸಿದರೆ 330, ಅಂದರೆ ಸಿಟ್ರಿಕ್ ಆಮ್ಲ. ಬೇರೊಂದು ಬ್ಯಾಕ್ಟೀರಿಯಾಕ್ಕೆ ಉಣಿಸಿದರೆ 415, ಅಂದರೆ ಕ್ಸಾಂಥನ್ ಗೋಂದು. ಒಂದು ಕಾಳು ಹೀಗೆ ಒಂದೇ ಪೊಟ್ಟಣದಲ್ಲಿ ನಾಲ್ಕೈದು ಹೆಸರಿನಲ್ಲಿ ಕೂತಿರಬಹುದು. ಆದರೆ ಇವೆಲ್ಲವೂ ಮೆಕ್ಕೆಜೋಳದ್ದೇ ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಪಿಷ್ಟವೂ ಅದರ ಸಿರಪ್ಪುಗಳೂ ಗೋಧಿ, ಆಲೂಗಡ್ಡೆ, ಮರಗೆಣಸು, ಅಕ್ಕಿಗಳಿಂದಲೂ ತಯಾರಾಗುತ್ತವೆ, ಸಿಟ್ರಿಕ್ ಆಮ್ಲಕ್ಕೆ ಕಾಕಂಬಿಯೂ ಆಗುತ್ತದೆ. ಬೆಳೆಯ ಹೆಸರು ಜೊತೆಗಿಲ್ಲದಿದ್ದರೆ ಅದು ಉತ್ತರ ಸಿಗದ ಪ್ರಶ್ನೆಯಾಗಿಯೇ ಉಳಿಯುತ್ತದೆ, ತಯಾರಕರನ್ನು ಕೇಳದ ಹೊರತು.

ಸಕ್ಕರೆಯ ವಿಷಯ ಸುಲಭ. ಕಬ್ಬಿನ ಸಕ್ಕರೆ ಎಂದು ಬರೆದಿದ್ದರೆ ಅದು ಕುಲಾಂತರಿಯಾಗಿರುವ ಸಾಧ್ಯತೆ ಬಹಳ ಕಡಿಮೆ, ಬ್ರೆಜಿಲ್‌ನಂಥ ಕೆಲವೇ ದೇಶಗಳಲ್ಲಿ ಮಾತ್ರ ಕುಲಾಂತರಿ ಕಬ್ಬಿಗೆ ಅನುಮತಿಯಿದೆ. ಬರೀ ಸಕ್ಕರೆ ಎಂದಿದ್ದು ವಸ್ತು ಅಮೆರಿಕದ್ದಾಗಿದ್ದರೆ ಅದರಲ್ಲಿ ಬೀಟಿನ ಪಾಲಿರುವ ಸಂಭವ ಹೆಚ್ಚು. ಎಣ್ಣೆಯಲ್ಲಿ ಸೋಯಾ, ಕಾರ್ನ್, ಕನೋಲಾ ಮತ್ತು ಹತ್ತಿಬೀಜದ ಎಣ್ಣೆಗಳನ್ನು ವಿಚಾರಿಸಬೇಕು. ಸೂರ್ಯಕಾಂತಿ, ಎಳ್ಳು, ಕಡಲೆಕಾಯಿ, ತೆಂಗು, ಆಲಿವ್, ತಾಳೆ ಎಣ್ಣೆಗಳನ್ನು ವಿಚಾರಿಸಬೇಕಾಗಿಲ್ಲ. ಖಾದ್ಯ ಎಣ್ಣೆ ಎಂದಷ್ಟೇ ಬರೆದು ಬೀಜದ ಹೆಸರನ್ನು ಬಿಟ್ಟಿರುವ ಪೊಟ್ಟಣವನ್ನು ನಾನು ಮರಳಿ ಅದರ ಜಾಗದಲ್ಲೇ ಇಡುತ್ತೇನೆ, ಕುಲಾಂತರಿಯ ಕಾರಣಕ್ಕಲ್ಲದಿದ್ದರೂ ತಿನ್ನುವ ಎಣ್ಣೆ ಯಾವುದೆಂದು ತಿಳಿಯುವ ಹಕ್ಕಿನ ಕಾರಣಕ್ಕೆ.

ಪಟ್ಟಿಯನ್ನು ಓದಿ ಮೂಲವನ್ನು ಗುರುತಿಸಲು ಸಾಮಾನ್ಯವಾಗಿ ಆಗದ ಒಂದು ವರ್ಗವೂ ಇದೆ. ಚೀಸ್ ತಯಾರಿಸಲು ಹಾಲನ್ನು ಹೆಪ್ಪುಗಟ್ಟಿಸುವ ಕೈಮೋಸಿನ್ ಎಂಬ ಕಿಣ್ವವನ್ನು ಹಿಂದೆ ಎಳೆಗರುವಿನ ಹೊಟ್ಟೆಯ ಒಳಪದರದಿಂದ ತೆಗೆಯುತ್ತಿದ್ದರು. ಕರುವಿನ ಆ ವಂಶವಾಹಿಯನ್ನು ಸೂಕ್ಷ್ಮಜೀವಿಗೆ ಸೇರಿಸಿ ತಯಾರಿಸಿದ ಕೈಮೋಸಿನ್‌ಗೆ 1990ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಈಗ ಅಲ್ಲಿನ ಚೀಸಿನ ಬಹುಪಾಲಿಗೆ ಅದನ್ನೇ ಬಳಸುತ್ತಾರೆ. ಸೂಕ್ಷ್ಮಜೀವಿಯನ್ನು ಸೋಸಿ ತೆಗೆದು ಕಿಣ್ವವನ್ನಷ್ಟೇ ಬಳಸುವುದರಿಂದ ಹೆಚ್ಚಿನ ಕಾನೂನುಗಳು ಇದನ್ನು ಕುಲಾಂತರಿ ಆಹಾರವೆಂದು ಪರಿಗಣಿಸುವುದಿಲ್ಲ. ಕರುವನ್ನು ಕೊಲ್ಲದೆ ಚೀಸ್ ಮಾಡಲು ಸಾಧ್ಯವಾದದ್ದು ಈ ತಂತ್ರಜ್ಞಾನದಿಂದಲೂ ಹೌದು ಎಂಬುದನ್ನು ಸಸ್ಯಾಹಾರಿಗಳು ಗಮನಿಸಬೇಕು. ಹಾಲು, ಮೊಟ್ಟೆ, ಮಾಂಸಗಳದ್ದು ಮತ್ತೊಂದು ಬಗೆ: ಹಸು, ಕೋಳಿ ಕುಲಾಂತರಿ ಮೇವು ತಿಂದಿದ್ದರೂ ಅವುಗಳ ಹಾಲು, ಮೊಟ್ಟೆ ಕುಲಾಂತರಿಯಾಗುವುದಿಲ್ಲ, ಲೇಬಲ್ ಮೇಲೆ ಬರೆಯಬೇಕೆಂಬ ನಿಯಮ ಯುರೋಪಿನಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ. ಅಂಥ ಮೇವೂ ಬೇಡವೆನ್ನುವವರಿಗೆ ನೆಚ್ಚಬಹುದಾದ ಒಂದು ದಾರಿ ಸಾವಯವ ಪ್ರಮಾಣಪತ್ರ, ಏಕೆಂದರೆ ಸಾವಯವ ನಿಯಮಗಳು ಮೇವಿನಲ್ಲಿಯೂ ಕುಲಾಂತರಿಯನ್ನು ನಿಷೇಧಿಸುತ್ತವೆ.

ಲೇಬಲ್‌ನ ಮಾತು, ಲೇಬಲ್‌ನ ಮೌನ

ಪೊಟ್ಟಣದ ಮೇಲೆ ಏನೂ ಬರೆದಿಲ್ಲವೆಂದರೆ ಏನೂ ಇಲ್ಲವೆಂದು ಅರ್ಥವಲ್ಲ. ಅದು ಯಾವ ದೇಶದ ನಿಯಮದಡಿ ಮಾರಾಟವಾಗುತ್ತಿದೆ ಎಂಬುದನ್ನು ನೋಡಬೇಕು. ಯುರೋಪಿಯನ್ ಒಕ್ಕೂಟದ 2003ರ ನಿಯಮಗಳ ಪ್ರಕಾರ ಪದಾರ್ಥವೊಂದು ಕುಲಾಂತರಿ ಬೆಳೆಯಿಂದ ಬಂದಿದ್ದರೆ, ಎಷ್ಟೇ ಶುದ್ಧೀಕರಿಸಿದ ಎಣ್ಣೆಯಾಗಿರಲಿ, ಅದನ್ನು ಬರೆಯಲೇಬೇಕು. ತಿಳಿಯದೆ ಬೆರೆತದ್ದಕ್ಕೆ ಮಾತ್ರ ಆಯಾ ಪದಾರ್ಥದ ಶೇಕಡ 0.9ರವರೆಗೆ ವಿನಾಯಿತಿ. ಆದ್ದರಿಂದ ಅಲ್ಲಿ ಲೇಬಲ್‌ನ ಮೌನಕ್ಕೆ ಬೆಲೆಯಿದೆ. ಜಪಾನಿನಲ್ಲಿ ತೂಕದಲ್ಲಿ ಮೊದಲ ಮೂರು ಸ್ಥಾನಗಳಲ್ಲಿದ್ದು ಶೇಕಡ 5ಕ್ಕೆ ಕಡಿಮೆಯಿಲ್ಲದ ಪದಾರ್ಥಗಳಿಗಷ್ಟೇ ಕಡ್ಡಾಯ, ಎಣ್ಣೆಗೆ ಕಡ್ಡಾಯವಿಲ್ಲ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ನಲ್ಲಿ ಹೊಸ ಡಿಎನ್‌ಎ ಅಥವಾ ಹೊಸ ಪ್ರೋಟೀನ್ ಆಹಾರದಲ್ಲಿ ಉಳಿದಿದೆಯೇ ಎಂಬುದೇ ಮುಖ್ಯ. ಅಮೆರಿಕದಲ್ಲಿ 2022ರ ಜನವರಿ 1ರಿಂದ ಘೋಷಣೆ ಕಡ್ಡಾಯವಾದಾಗ ಕುಲಾಂತರಿಗೆ ಇಂಗ್ಲಿಷಿನಲ್ಲಿ ಬಳಸುವ ಜಿಎಂಒ ಎಂಬ ಪರಿಚಿತ ಪದದ ಬದಲು ಬಯೋಎಂಜಿನಿಯರ್ಡ್ ಎಂಬ ಪದವನ್ನು ಆರಿಸಿಕೊಂಡರು, ತಿಳಿಯದೆ ಬೆರೆತದ್ದಕ್ಕೆ ವಿನಾಯಿತಿಯ ಮಿತಿಯನ್ನು ಪದಾರ್ಥವೊಂದಕ್ಕೆ ಶೇಕಡ 5ಕ್ಕೆ ಇಟ್ಟರು, ಬರಹದ ಬದಲು ಕ್ಯೂಆರ್ ಕೋಡ್ ಮುದ್ರಿಸಲೂ ಅವಕಾಶ ಕೊಟ್ಟರು. ಹಳೆಯ ಪದವನ್ನು ಹುಡುಕುವ ಗ್ರಾಹಕನಿಗೆ ಹೊಸ ಪದ ಕಣ್ಣಿಗೇ ಬೀಳುವುದಿಲ್ಲ ಎಂಬುದು ಈ ಕಾನೂನಿನ ಬಗ್ಗೆ ನನಗಿರುವ ದೊಡ್ಡ ಆಕ್ಷೇಪ.

ಎಣ್ಣೆ, ಸಕ್ಕರೆಗಳ ಮೇಲೆ ನಿಯಮಗಳು ಇಷ್ಟು ಬೇರೆಬೇರೆಯಾಗಲು ಒಂದು ವೈಜ್ಞಾನಿಕ ಕಾರಣವಿದೆ. ಪಿಸಿಆರ್ ಎಂಬ ಪ್ರಯೋಗಾಲಯದ ಪರೀಕ್ಷೆ ಡಿಎನ್‌ಎಯನ್ನು ಹುಡುಕುತ್ತದೆ, ಚಿಕ್ಕ ಸ್ಟ್ರಿಪ್ ಅದ್ದಿ ನೋಡುವ ಪರೀಕ್ಷೆ ಪ್ರೋಟೀನನ್ನು ಹುಡುಕುತ್ತದೆ. ಚೆನ್ನಾಗಿ ಶುದ್ಧೀಕರಿಸಿದ ಎಣ್ಣೆಯಲ್ಲಿ, ಹರಳುಗಟ್ಟಿದ ಸಕ್ಕರೆಯಲ್ಲಿ ಇವೆರಡೂ ಬಹುತೇಕ ಉಳಿದಿರುವುದಿಲ್ಲ. ಬೀಟಿನ ಸಕ್ಕರೆಯ ಸುಕ್ರೋಸೂ ಕಬ್ಬಿನ ಸುಕ್ರೋಸೂ ಒಂದೇ ಅಣು. ಇಂಥ ಪದಾರ್ಥ ಕುಲಾಂತರಿ ಬೆಳೆಯದೋ ಅಲ್ಲವೋ ಎಂಬುದನ್ನು ತಿಳಿಸಬಲ್ಲದ್ದು ಹೊಲದಿಂದ ಕಾರ್ಖಾನೆಯವರೆಗೆ ಸರಕನ್ನು ಬೆರೆಸದೆ ಸಾಗಿಸಿದ ದಾಖಲೆ ಮಾತ್ರ. ಹಣ್ಣಿಗೆ ಅಂಟಿಸಿದ ಚೀಟಿಯ ಸಂಖ್ಯೆ 8ರಿಂದ ಆರಂಭವಾದರೆ ಕುಲಾಂತರಿ ಎಂಬ ಸುದ್ದಿ ಹಲವು ವರ್ಷಗಳಿಂದ ಹರಿದಾಡುತ್ತಿದೆ. ಆ ಉದ್ದೇಶಕ್ಕೆ ಸಂಖ್ಯೆಯನ್ನು ಕಾದಿರಿಸಿದ್ದು ನಿಜ, ಅಂಗಡಿಗಳಲ್ಲಿ ಅದನ್ನು ಬಳಸಲೇ ಇಲ್ಲ. ಐದಂಕಿಯ ಸಂಖ್ಯೆ 9ರಿಂದ ಆರಂಭವಾದರೆ ಸಾವಯವ ಎಂಬುದು ಮಾತ್ರ ಸರಿ. ಹಾಗೆಯೇ ಉಪ್ಪು, ನೀರುಗಳ ಮೇಲೆ ಕುಲಾಂತರಿಮುಕ್ತ ಎಂದು ಮುದ್ರಿಸಿದ್ದರೆ ಅದಕ್ಕೆ ಅರ್ಥವಿಲ್ಲ, ಅವುಗಳಲ್ಲಿ ವಂಶವಾಹಿಯೇ ಇಲ್ಲ.

ಏಕೆ ತಿಳಿಯಬೇಕು ಎಂಬುದನ್ನು ನಿರ್ಧರಿಸಿಕೊಳ್ಳಿ

ಈ ಹುಡುಕಾಟ ಎಷ್ಟು ದೂರ ಹೋಗಬೇಕೆಂಬುದು ನಿಮ್ಮ ಕಾರಣವನ್ನು ಅವಲಂಬಿಸಿದೆ. ಆರೋಗ್ಯದ ಭಯವೇ ಕಾರಣವಾಗಿದ್ದರೆ ತಿಳಿದಿರುವುದನ್ನು ಸ್ಪಷ್ಟವಾಗಿ ಹೇಳಬೇಕು: ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2016ರಲ್ಲಿ ನೂರಾರು ಅಧ್ಯಯನಗಳನ್ನು ಪರಿಶೀಲಿಸಿ, ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರದಿಂದ ಸಾಮಾನ್ಯ ಆಹಾರಕ್ಕಿಂತ ಹೆಚ್ಚಿನ ಅಪಾಯವಿದೆ ಎನ್ನಲು ಪುರಾವೆ ಸಿಗಲಿಲ್ಲವೆಂದು ತಿಳಿಸಿದವು. ಪರೀಕ್ಷೆ ಬೇಡವೆಂದು ಇದರ ಅರ್ಥವಲ್ಲ. ಬ್ರೆಜಿಲ್ ನಟ್‌ನ ವಂಶವಾಹಿಯನ್ನು ಸೇರಿಸಿದ ಸೋಯಾ ಒಂದು ಆ ಬೀಜದ ಅಲರ್ಜಿಯನ್ನೂ ಹೊತ್ತು ತಂದದ್ದು ಪರೀಕ್ಷೆಯಲ್ಲಿ ಗೊತ್ತಾಗಿ, ಮಾರುಕಟ್ಟೆಗೆ ಬರುವ ಮೊದಲೇ ಅದನ್ನು ಕೈಬಿಡಲಾಯಿತು. ಪಶು ಆಹಾರಕ್ಕೆಂದು ಮಾತ್ರ ಅನುಮತಿ ಪಡೆದಿದ್ದ ಸ್ಟಾರ್‌ಲಿಂಕ್ ಮೆಕ್ಕೆಜೋಳ 2000ದಲ್ಲಿ ಮನುಷ್ಯರ ಆಹಾರದಲ್ಲಿ ಪತ್ತೆಯಾಗಿ ಸರಕನ್ನು ಹಿಂಪಡೆಯಬೇಕಾಯಿತು. ಸೋಯಾ ಅಲರ್ಜಿ ಇರುವವರಂತೂ ಕುಲಾಂತರಿಯೋ ಅಲ್ಲವೋ ಎಂದು ನೋಡದೆ ಸೋಯಾವನ್ನೇ ಬಿಡಬೇಕು. ನಿಮ್ಮ ಕಾಳಜಿ ಕಳೆನಾಶಕದ ಬಳಕೆ, ಬೀಜದ ಮೇಲಿನ ಒಡೆತನ, ಹೊಲದ ಜೀವವೈವಿಧ್ಯ ಇಂಥವುಗಳ ಬಗ್ಗೆಯಾಗಿದ್ದರೆ ಶುದ್ಧೀಕರಿಸಿದ ಎಣ್ಣೆಯೂ ನಿಮಗೆ ಮುಖ್ಯ, ಏಕೆಂದರೆ ಬಾಟಲಿಯಲ್ಲಿ ಡಿಎನ್‌ಎ ಇಲ್ಲದಿದ್ದರೂ ಅದು ಬಂದ ಹೊಲ ಅದೇ. ನನ್ನ ಕಾಳಜಿ ಈ ಎರಡನೆಯ ಬಗೆಯದು. ಹಾಗಾಗಿ ಅಡುಗೆಮನೆಯಲ್ಲಿ ನಾನು ಮೊದಲು ಬದಲಿಸಿದ್ದು ಎಣ್ಣೆಯನ್ನು. ಮನೆಯಲ್ಲಿ ತೂಕದ ಲೆಕ್ಕದಲ್ಲಿ ಅದರ ಪಾಲು ಎಲ್ಲ ಲೆಸಿಥಿನ್, ಪಿಷ್ಟಗಳಿಗಿಂತಲೂ ಎಷ್ಟೋ ಹೆಚ್ಚು.

ತಯಾರಕರಿಗೆ ಬರೆಯುವಾಗ

ಪಟ್ಟಿಯಿಂದ ಉತ್ತರ ಸಿಗದಿದ್ದಾಗ ಪೊಟ್ಟಣದ ಮೇಲಿರುವ ಗ್ರಾಹಕ ಸೇವೆಯ ವಿಳಾಸಕ್ಕೆ ಬರೆಯಿರಿ. ಪ್ರಶ್ನೆ ಹೇಗಿರಬೇಕೆಂಬುದನ್ನು ನಾನು ತಪ್ಪಿ ಕಲಿತೆ. ನಿಮ್ಮ ಬಿಸ್ಕತ್ತಿನಲ್ಲಿ ಕುಲಾಂತರಿ ಪದಾರ್ಥ ಇದೆಯೇ ಎಂದು ಒಬ್ಬ ತಯಾರಕರನ್ನು ಕೇಳಿದ್ದಕ್ಕೆ, ನಮ್ಮ ಎಲ್ಲ ಉತ್ಪನ್ನಗಳೂ ಜಾರಿಯಲ್ಲಿರುವ ಕಾನೂನಿಗೆ ಬದ್ಧವಾಗಿವೆ ಎಂಬ ಒಂದೇ ಸಾಲಿನ ಉತ್ತರ ಬಂತು. ಅದು ಸುಳ್ಳಲ್ಲ, ಆದರೆ ನಾನು ಕೇಳಿದ್ದಕ್ಕೆ ಉತ್ತರವೂ ಅಲ್ಲ. ಎರಡನೆಯ ಪತ್ರದಲ್ಲಿ ಪೊಟ್ಟಣದ ಬ್ಯಾಚ್ ಸಂಖ್ಯೆಯನ್ನು ಬರೆದು, ಪದಾರ್ಥಗಳನ್ನು ಒಂದೊಂದಾಗಿ ಹೆಸರಿಸಿದೆ: ಎಮಲ್ಸಿಫೈಯರ್ 322 ಯಾವ ಬೆಳೆಯಿಂದ ಬಂದದ್ದು, ಮಾರ್ಪಡಿಸಿದ ಪಿಷ್ಟ ಯಾವ ಬೆಳೆಯದು, ಎಣ್ಣೆಯ ಬೀಜ ಯಾವ ದೇಶದಲ್ಲಿ ಬೆಳೆದದ್ದು, ಅದು ಕುಲಾಂತರಿಯಲ್ಲವೆನ್ನುವುದಾದರೆ ಆ ಮಾತಿಗೆ ಆಧಾರ ಪರೀಕ್ಷೆಯೋ ಸರಬರಾಜುದಾರರ ಪ್ರಮಾಣಪತ್ರವೋ. ಈ ಸಲ ಪತ್ರ ಗುಣಮಟ್ಟ ವಿಭಾಗಕ್ಕೆ ಹೋಯಿತು, ಎರಡು ವಾರದ ಬಳಿಕ ಸಾಲುಸಾಲಾಗಿ ಉತ್ತರ ಬಂತು: ಪಿಷ್ಟ ಮರಗೆಣಸಿನದು, ಎಣ್ಣೆ ತಾಳೆಯದು, ಲೆಸಿಥಿನ್ ಸೋಯಾದ್ದು, ಅದಕ್ಕೆ ಪ್ರಮಾಣಪತ್ರವಿಲ್ಲ.